ಮಗು ತಡವೋ, ಅವಕಾಶ ಕಡಿಮೆಯೋ

‘ಹತ್ತು ತಿಂಗಳಾಯಿತು, ಇನ್ನೂ ಅಂಬೆಗಾಲಿಡುತ್ತಿಲ್ಲ’ ಎಂದು ಮಗುವನ್ನು ಎತ್ತಿಕೊಂಡು ಬಂದರೆ ನಾನು ಮೊದಲು ಕೇಳುವುದು ನಿನ್ನೆಯ ದಿನಚರಿ. ‘ಆಡುತ್ತದಾ?’ ಅಂದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ‘ನಿನ್ನೆ ನೀವು ಅಡುಗೆ ಮಾಡುವಾಗ ಮಗು ಎಲ್ಲಿತ್ತು?’ ಅಂದರೆ ಮಾತ್ರ ನಿಜ ಹೊರಬೀಳುತ್ತದೆ. ಎದ್ದಾಗಿನಿಂದ ಮಲಗುವವರೆಗೆ ಅರ್ಧ ಗಂಟೆಗೊಂದು ಸಾಲು ಬರೆಯುತ್ತೇನೆ: ನೆಲವೋ, ಕಂಕುಳೋ, ತೊಟ್ಟಿಲೋ, ವಾಕರೋ, ಜೊತೆಗೆ ಯಾರು, ಕೈಯಲ್ಲೇನು. ಕೆಲಸದ ದಿನದ್ದೊಂದು, ರಜೆಯ ದಿನದ್ದೊಂದು ಹಾಳೆ ಬೇಕು.

ನೆಲದ ಹೊತ್ತು ಕೂಡಿಸಿದರೆ ಅರ್ಧ ಗಂಟೆಯೂ ಆಗದ ಮಕ್ಕಳು ಬಹಳ. ಅಂಥವರಿಗೆ ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು, 5 ನಿಮಿಷದಂತೆ ದಿನಕ್ಕೆ ಆರೇಳು ಸಲ ಬೋರಲು ಹಾಕಿಸುತ್ತೇನೆ. ಆಟಿಕೆ ಕೈಗೆಟುಕುವ ಜಾಗಕ್ಕಿಂತ ಒಂದು ಗೇಣು ಆಚೆ. ವಾಕರ್ ಅಟ್ಟ ಸೇರಲಿ, ಅದು ನಡಿಗೆ ಕಲಿಸುವುದಿಲ್ಲ. ನಿದ್ದೆಗೆ ಮಾತ್ರ ಅಂಗಾತವೇ. ನಾಲ್ಕು ವಾರ ಬಿಟ್ಟು ಮತ್ತೆ ನೋಡುತ್ತೇನೆ.

ಕೀನ್ಯಾದ ಕಿಪ್ಸಿಗಿಸ್ ಜನರಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸೂಪರ್ 1970ರ ದಶಕದಲ್ಲಿ ಕಂಡದ್ದೂ ಇದನ್ನೇ. ಅಲ್ಲಿ ಕೂರುವುದು, ನಡೆಯುವುದನ್ನು ಹಿರಿಯರೇ ಕಲಿಸುತ್ತಿದ್ದರು. ಅವು ಬೇಗ ಬಂದವು. ಕಲಿಸದ ಅಂಬೆಗಾಲು ಬೇಗ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಆಸರೆಯಿಲ್ಲದೆ ನಡೆಯುವ ವಯಸ್ಸು 8.2ರಿಂದ 17.6 ತಿಂಗಳವರೆಗೆ ಹರಡಿದೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದಿವೆ. ಪಕ್ಕದ ಮನೆಯ ಮಗುವಿನೊಂದಿಗೆ ತಿಂಗಳು ಎಣಿಸುವವರಿಗೆ ಇದನ್ನು ತೋರಿಸಿದರೆ ಅರ್ಧ ಗಾಬರಿ ಇಳಿಯುತ್ತದೆ.

ಪರೀಕ್ಷಿಸುವ ನಾವು ಹೆಚ್ಚು ಎಡವುವುದು ಮಾತಿನ ಪರೀಕ್ಷೆಯಲ್ಲಿ. ದೊಡ್ಡವರ ಎದುರು ಸುಮ್ಮನಿರಬೇಕೆಂದು ಕಲಿತ ಮಗು ಅಪರಿಚಿತರಿಗೆ ಉತ್ತರಿಸದು. ಅದಕ್ಕೆ ಸೊನ್ನೆ ಹಾಕಿದರೆ ತಪ್ಪು ನಮ್ಮದು. ಅಣ್ಣನೋ ಅಕ್ಕನೋ ಜೊತೆ ಆಡಲು ಬಿಟ್ಟು, ಬಾಗಿಲಾಚೆ ಕೂತು ಕಾಲು ಗಂಟೆ ಕೇಳಿಸಿಕೊಳ್ಳುತ್ತೇನೆ. ಮನೆಯಲ್ಲಿ ಎರಡು ಭಾಷೆಯಿದ್ದರೆ ಎರಡರ ಪದಗಳನ್ನೂ ಕೂಡಿಸಬೇಕು. ಪೆನ್ಸಿಲ್ ಹಿಡಿದೇ ಇಲ್ಲದ ಮಗುವಿಗೆ ಮೊದಲು ಹತ್ತು ನಿಮಿಷ ಗೀಚಲು ಬಿಟ್ಟು ಆಮೇಲೆ ಗೆರೆ ಎಳೆಸುತ್ತೇನೆ. ಅವಧಿಗೆ ಮುಂಚೆ ಹುಟ್ಟಿದ್ದರೆ ಎರಡು ವರ್ಷದವರೆಗೂ ಅಷ್ಟು ವಾರ ಕಳೆದೇ ವಯಸ್ಸು ಹಿಡಿಯುವುದು. ಇದನ್ನು ಮರೆಯುವವರು ಆಶ್ಚರ್ಯವಾಗುವಷ್ಟಿದ್ದಾರೆ.

ನಾಲ್ಕು ವಾರದ ಈ ಕಾಯುವಿಕೆ ಎಲ್ಲಕ್ಕೂ ಹೊಂದದು. ಬಂದಿದ್ದ ಮಾತು ಅಥವಾ ನಡಿಗೆ ನಿಂತುಹೋದರೆ, ಸದ್ದಿಗೆ ತಿರುಗದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿದರೆ, 18 ತಿಂಗಳಾದರೂ ನಡೆಯದಿದ್ದರೆ ದಿನಚರಿಯ ಹಾಳೆ ಬದಿಗಿಟ್ಟು ಅದೇ ದಿನ ಮಕ್ಕಳ ವೈದ್ಯರಿಗೆ ಚೀಟಿ ಬರೆಯುತ್ತೇನೆ.