ಮ್ಯಾಕ್‌ನಿಂದ ವಿಂಡೋಸ್‌ಗೆ ಮದುವೆ ಫೋಟೊ: ತಾರೀಖು, ಟ್ಯಾಗ್, ಕನ್ನಡ ಹೆಸರು ಯಾವುದೂ ಕೆಡದ ಹಾಗೆ

ಈ ಸಲದ ಮದುವೆ ಸೀಸನ್‌ನಲ್ಲಿ ಚಿತ್ರದುರ್ಗದ ಸ್ಟುಡಿಯೊದವರಿಂದ ದಾವಣಗೆರೆಯ ನನ್ನ ಆಫೀಸಿಗೆ ಹತ್ತಿರತ್ತಿರ 9 ಟಿಬಿ ಫೋಟೊ, ವಿಡಿಯೊ ಬಂತು. ಅವರ ಕಡೆ ಎಲ್ಲ ಮ್ಯಾಕ್. ನನ್ನ ಆಲ್ಬಂ ಡಿಸೈನ್ ಎಲ್ಲ ವಿಂಡೋಸ್. ನಡುವೆ ಉಬುಂಟು ಲಿನಕ್ಸ್ ಹಾಕಿದ ಒಂದು ಹಳೇ ಡೆಸ್ಕ್‌ಟಾಪ್. ಒಂದು ಫೋಟೊದ ತಾರೀಖೂ ಕೆಡಲಿಲ್ಲ. ಒಂದು ಕನ್ನಡ ಫೋಲ್ಡರೂ ಎರಡೆರಡಾಗಲಿಲ್ಲ. ಅವರು ಆರಿಸಿ ಮ್ಯಾಕ್‌ನಲ್ಲಿ ಕೆಂಪು ಟ್ಯಾಗ್ (ಬಣ್ಣದ ಗುರುತು) ಹಾಕಿದ ಫೋಟೊಗಳೆಲ್ಲ ನನ್ನ ಡಿಸೈನರ್ ಮುಂದೆ ಆರಿಸಿದ ಹಾಗೇ ಬಂದು ನಿಂತವು.

ಇದನ್ನು ಶುರು ಮಾಡಿದಾಗ ನಮ್ಮ ಲೈನಿನವರೇ ನಂಬಲಿಲ್ಲ. 'ಕಾಪಿ ಪೇಸ್ಟ್ ಮಾಡಾಕೆ ಇಷ್ಟೆಲ್ಲ ಯಾಕಣ್ಣಾ?' ಅಂದರು. ಸುಮ್ನೆ ಕಾಪಿ ಪೇಸ್ಟ್ ಮಾಡಿದ್ದಕ್ಕೆ ಏನಾಗಿತ್ತು ಅಂತ ಹೇಳುತ್ತೇನೆ. ಎರಡು ಕ್ಯಾಮೆರಾದ ಫೋಟೊಗಳ ತಾರೀಖೆಲ್ಲ ಕಾಪಿ ಮಾಡಿದ ದಿನಕ್ಕೆ ಬಂದು ಕೂತಿತು. ತಾರೀಖಿನ ಪ್ರಕಾರ ಜೋಡಿಸಿದ ಪುಟಗಳಲ್ಲಿ ಆರತಕ್ಷತೆ ಮೊದಲು, ಧಾರೆ ಆಮೇಲೆ. ಆಲ್ಬಂ ಪ್ರಿಂಟ್ ಆಗಿ ಬಂದ ಮೇಲೆ ಹೆಣ್ಣಿನ ಕಡೆಯವರು ವಾಪಸ್ ಕಳಿಸಿದರು. ಮರುಪ್ರಿಂಟ್‌ಗೆ 14 ಸಾವಿರದ ಹತ್ತಿರ ಹೋಯಿತು.

ಮೊದಲು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಹಿಡಿದೆ. ಎರಡೂ ಕಡೆ ಓದುತ್ತೆ, ಬರೆಯುತ್ತೆ, ಎಲ್ಲರೂ ಹೇಳುವುದೇ ಅದನ್ನು. ಆದರೆ ಮ್ಯಾಕ್ ತನ್ನ ಟ್ಯಾಗ್ ಇತ್ಯಾದಿಗಳನ್ನು ಅಲ್ಲಿ ಇಡಲು ಜಾಗ ಇಲ್ಲ ಅಂತ ಫೋಟೊ ಪಕ್ಕಕ್ಕೆ ಡಾಟ್-ಅಂಡರ್‌ಸ್ಕೋರ್ ಹೆಸರಿನ ಇನ್ನೊಂದು ಫೈಲ್ ಹುಟ್ಟಿಸುತ್ತದೆ. ಅದು ಇರುವುದು 4 ಕೆಬಿ. ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಒಂದು ಕ್ಲಸ್ಟರ್, ಅಂದರೆ ಎಷ್ಟೇ ಸಣ್ಣ ಫೈಲಾದರೂ ಹಿಡಿಯುವ ಕನಿಷ್ಠ ಜಾಗ, ಸಾಮಾನ್ಯವಾಗಿ 128 ಕೆಬಿ. ಅಂದರೆ 20 ಸಾವಿರ ಫೋಟೊಗೆ ಎರಡೂವರೆ ಜಿಬಿ ಸುಮ್ನೆ ಹೋಯಿತು. ಜಾಗ ಹೋದರೆ ಹೋಗಲಿ, ಡಿಸೈನರ್ ಅದನ್ನೂ ಜೆಪಿಜಿ ಅಂತ ತೆರೆಯಲು ಹೋಗಿ 'ಫೈಲ್ ಕರಪ್ಟ್ ಆಗಿದೆ ಸಾರ್' ಅಂತ ದಿನಕ್ಕೆ ಹತ್ತು ಸಲ ಕರೆಯುತ್ತಿದ್ದ. ಮೇಲಾಗಿ ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಮಾಡುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಪಟ್ಟಿ, ಇಲ್ಲ. ಕಾಪಿ ನಡುವೆ ಕರೆಂಟ್ ಹೋದರೆ ಡಿಸ್ಕ್ ರಿಪೇರಿಗೆ ಕೂರಬೇಕು. ಬೇಸಿಗೆಯಲ್ಲಿ ನಮ್ಮೂರಿನ ಕರೆಂಟ್ ನಂಬಿ ಆ ಕೆಲಸ ಮಾಡಲು ಆಗುತ್ತಾ?

ಆಮೇಲೆ ದುಡ್ಡು ಕೊಟ್ಟು ಒಂದು ಸಿಂಕ್ ಸಾಫ್ಟ್‌ವೇರ್ ತಗೊಂಡೆ, ವರ್ಷಕ್ಕೆ ಐದಾರು ಸಾವಿರ. ತಾರೀಖು ಸರಿಯಾಗಿ ಬಂತು. ಕನ್ನಡ ಹೆಸರಿನ ಹತ್ತಿರ ಬಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಇದರ ತಲೆಬುಡ ಸಿಗಲು ತುಂಬ ದಿನ ಹಿಡಿಯಿತು. 'ಧಾರೆ', 'ಅರಿಶಿನ' ಫೋಲ್ಡರ್‌ಗಳು ಚೆನ್ನಾಗಿ ಬರುತ್ತಿದ್ದವು. 'ಬೀಗರ ಊಟ', 'ದೇವರ ಪೂಜೆ' ಮಾತ್ರ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಎರಡೆರಡು. ಕಣ್ಣಿಗೆ ಒಂದೇ ಹೆಸರು. ಒಂದರಲ್ಲಿ ಅರ್ಧ ಫೋಟೊ, ಇನ್ನೊಂದರಲ್ಲಿ ಅರ್ಧ. ಚಿತ್ರದುರ್ಗದವರ ಹಳೇ ಡಿಸ್ಕ್‌ಗಳು ಎಚ್‌ಎಫ್‌ಎಸ್ ಪ್ಲಸ್ ಅನ್ನುವ ಹಳೇ ಮ್ಯಾಕ್ ಫಾರ್ಮ್ಯಾಟ್. ಅದು ಹೆಸರನ್ನು ತುಂಡು ಮಾಡಿ ಇಡುತ್ತದೆ. ನಾವು ವಿಂಡೋಸ್‌ನಲ್ಲಿ ಟೈಪ್ ಮಾಡಿದ 'ೀ' ಒಂದೇ ಕೋಡ್. ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಅದು 'ಿ' ಮತ್ತು ದೀರ್ಘದ ಗುರುತು 'ೕ' ಅಂತ ಎರಡು. 'ೋ' ಆದರೆ ಮೂರು ತುಂಡು. ೀ, ೇ, ೈ, ೊ, ೋ ಈ ಐದಕ್ಕೆ ಮಾತ್ರ ಈ ಕಾಟ. ಉಳಿದ ಗುಣಿತಕ್ಕೆ ಇಲ್ಲ. ಉಬುಂಟುಗೆ ಅಕ್ಷರದ ಚಿಂತೆ ಇಲ್ಲ, ಅದು ನೋಡುವುದು ಬೈಟ್ ಮಾತ್ರ. ಬೈಟ್ ಬೇರೆ ಅಂದರೆ ಫೋಲ್ಡರ್ ಬೇರೆ. ಇಂಗ್ಲಿಷ್ ಹೆಸರು ಇಡುವವರಿಗೆ ಈ ತೊಂದರೆಯೇ ಬರುವುದಿಲ್ಲ, ಅದಕ್ಕೇ ಯಾರನ್ನು ಕೇಳಿದರೂ ಉತ್ತರ ಇರಲಿಲ್ಲ.

ಮದ್ದು ಆರ್‌ಸಿಂಕ್‌ನಲ್ಲೇ ಇತ್ತು, ಅದು ಬದಲಾದ ಫೈಲ್ ಮಾತ್ರ ಕಳಿಸುವ ಉಚಿತ ಕಾಪಿ ಪ್ರೋಗ್ರಾಂ. ಹೆಸರಿನ ಕೋಡ್ ಬದಲಿಸುವ ಅದರ ಐಕಾನ್ವ್ ಆಪ್ಷನ್‌ಗೆ ಮ್ಯಾಕ್ ಕಡೆಗೆ 'ಯುಟಿಎಫ್-8-ಮ್ಯಾಕ್', ಉಬುಂಟು ಕಡೆಗೆ 'ಯುಟಿಎಫ್-8' ಅಂತ ಕೊಟ್ಟರೆ ದಾರಿಯಲ್ಲೇ ತುಂಡುಗಳನ್ನು ಕೂಡಿಸಿಬಿಡುತ್ತದೆ. ಆದರೆ ಮ್ಯಾಕ್ ಜೊತೆ ವರ್ಷಗಟ್ಟಲೆ ಬರುತ್ತಿದ್ದುದು 2006ರ 2.6.9 ಆವೃತ್ತಿ. ಅದರಲ್ಲಿ ಈ ಆಪ್ಷನ್ನೇ ಇಲ್ಲ, ಅದು ಬಂದದ್ದು 3.0ರಲ್ಲಿ. ಮ್ಯಾಕ್‌ಗೆ ಉಚಿತ ಪ್ರೋಗ್ರಾಂ ಇಳಿಸಿಕೊಡುವ ಹೋಮ್‌ಬ್ರೂನಿಂದ ಹೊಸದನ್ನು ಹಾಕಿಕೊಳ್ಳಲೇಬೇಕು. ಹಾಗೆಯೇ ಆರ್‌ಸಿಂಕ್‌ಗೆ 'ಮೈನಸ್ ಎ' ಆಪ್ಷನ್ ಒಂದನ್ನೇ ಕೊಟ್ಟು ಎಲ್ಲ ಬಂತು ಅಂದುಕೊಳ್ಳಬೇಡಿ. ಟ್ಯಾಗ್ ಬರಬೇಕಾದರೆ ದೊಡ್ಡ ಎಕ್ಸ್ (-X) ಬೇರೆಯಾಗಿ ಕೊಡಬೇಕು.

ಹೆಸರಿನ ಉದ್ದದ್ದು ಇನ್ನೊಂದು ಕಥೆ. ನಮ್ಮ ಹುಡುಗರು ಲಗ್ನಪತ್ರಿಕೆಯನ್ನೇ ಫೋಲ್ಡರ್ ಹೆಸರು ಮಾಡುತ್ತಾರೆ. ಚಿ. ರಾ., ಚಿ. ಕುಂ. ಸೌ., ಇಬ್ಬರ ಹೆಸರು, ಕಲ್ಯಾಣ ಮಂಟಪ, ತಾರೀಖು. ವಿಂಡೋಸ್ ಒಂದು ಹೆಸರಿಗೆ 255 ಯೂನಿಟ್ ಬಿಡುತ್ತದೆ, ಕನ್ನಡದ ಒಂದು ಕೋಡ್‌ಗೆ ಒಂದು ಯೂನಿಟ್. ಉಬುಂಟು ಡಿಸ್ಕಿನ ಇಎಕ್ಸ್‌ಟಿ4 ಫಾರ್ಮ್ಯಾಟ್ ಕೂಡ 255, ಆದರೆ ಬೈಟ್ ಲೆಕ್ಕದಲ್ಲಿ. ಕನ್ನಡದ ಒಂದೊಂದು ಕೋಡ್‌ಗೆ ಮೂರು ಬೈಟ್. ಅಲ್ಲಿಗೆ 85ಕ್ಕೇ ಮುಗಿಯಿತು. ಒತ್ತಕ್ಷರ, ಗುಣಿತ ಎಲ್ಲ ಎಣಿಕೆಗೆ ಬರುವುದರಿಂದ ನಿಜಕ್ಕೂ 35-40 ಅಕ್ಷರ ಅಂತ ಇಟ್ಟುಕೊಳ್ಳಿ. ಮ್ಯಾಕ್‌ನವರು '12/5' ಅಂತ ಇಟ್ಟರೆ ಅದು ಉಬುಂಟುನಲ್ಲಿ ಕೋಲನ್ ಆಗುತ್ತದೆ, ಉಬುಂಟು ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ಸಾಂಬಾ ಅದನ್ನು ವಿಂಡೋಸ್‌ಗೆ ಗುರುತೇ ಸಿಗದ ತುಂಡು ಹೆಸರು ಮಾಡಿ ತೋರಿಸುತ್ತದೆ. ಇದಕ್ಕೆಲ್ಲ ಕಾಪಿಗೆ ಮೊದಲೇ ಒಂದು ಸ್ಕ್ರಿಪ್ಟ್ ಓಡಿಸುತ್ತೇನೆ. ಹೆಸರು ಹೇಗೆ ಮೊಟಕು ಮಾಡುತ್ತೇನೆ, ಹಳೇ ಹೆಸರನ್ನು ಎಲ್ಲಿ ಬರೆದಿಡುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಕೆಂಪು ಟ್ಯಾಗ್ ವಿಂಡೋಸ್‌ಗೆ ಅರ್ಥವೇ ಆಗುವುದಿಲ್ಲ. ಅದನ್ನು ಮ್ಯಾಕ್‌ನಲ್ಲಿ ಎಕ್ಸಿಫ್‌ಟೂಲ್ ಅನ್ನುವ ಪ್ರೋಗ್ರಾಂನಿಂದ ಓದಿ, ಕ್ಯಾಮೆರಾದ ರಾ ಫೈಲ್ ಪಕ್ಕದ ಎಕ್ಸ್‌ಎಂಪಿ ಅನ್ನುವ ಸಣ್ಣ ಮಾಹಿತಿ ಫೈಲಿನಲ್ಲಿ ಸ್ಟಾರ್ ರೇಟಿಂಗ್ ಆಗಿ ಬರೆಯುತ್ತೇನೆ. ಅಡೋಬಿ ಬ್ರಿಡ್ಜ್‌ನಲ್ಲಿ ತೆರೆದರೆ ಐದು ಸ್ಟಾರ್ ಕಾಣುತ್ತದೆ. ಮೂಲ ರಾ ಫೈಲ್ ಮುಟ್ಟುವುದೇ ಇಲ್ಲ. ಯಾವ ಬಣ್ಣಕ್ಕೆ ಎಷ್ಟು ಸ್ಟಾರ್ ಅಂತ ಅವರ ಜೊತೆ ಮೊದಲೇ ಮಾತಾಡಿಕೊಳ್ಳಿ, ಅಷ್ಟೇ.

ಉಬುಂಟುನಿಂದ ವಿಂಡೋಸ್‌ಗೆ ತರಲು ವಿಂಡೋಸ್‌ನದೇ ಕಾಪಿ ಪ್ರೋಗ್ರಾಂ ರೋಬೊಕಾಪಿ. ಇದರಲ್ಲಿ ಒಂದೇ ಮಾತು ನೆನಪಿಡಿ. ಏನೂ ಹೇಳದಿದ್ದರೆ ಅದು ಸಿಗದ ಫೈಲಿಗೆ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ! ರಾತ್ರಿ ಹಚ್ಚಿ ಹೋದದ್ದು ಬೆಳಗ್ಗೆ ಬಂದು ನೋಡಿದರೆ ಅದೇ ಫೈಲಿನಲ್ಲಿ ನಿಂತಿತ್ತು. ನಾನು ಎರಡು ಸಲ, ಐದು ಸೆಕೆಂಡ್ ಅಂತ ಇಟ್ಟಿದ್ದೇನೆ. ಫೋಲ್ಡರ್ ತಾರೀಖೂ ಬರಬೇಕಾದರೆ ಅದರ ಡಿಕಾಪಿ ಆಪ್ಷನ್‌ನಲ್ಲಿ ಟಿ ಸೇರಿಸಿ. ಎಫ್‌ಎಫ್‌ಟಿ ಆಪ್ಷನ್ ಕೊಟ್ಟರೆ ಎರಡು ಸೆಕೆಂಡ್ ವ್ಯತ್ಯಾಸವನ್ನು ಹೊಸ ಫೈಲ್ ಅಂತ ತಿಳಿದು ಮತ್ತೆ ಕಾಪಿ ಮಾಡುವುದು ತಪ್ಪುತ್ತದೆ.

ವೇಗದ ವಿಷಯಕ್ಕೆ ಬಂದರೆ, ಮೊದಲು ಸೆಕೆಂಡಿಗೆ 11 ಎಂಬಿ ಮೇಲೆ ಏರುತ್ತಲೇ ಇರಲಿಲ್ಲ. ಆರ್‌ಸಿಂಕ್ ನಿಧಾನ ಅಂತ ಎಲ್ಲರೂ ಅದನ್ನೇ ಬೈದರು. ನೋಡಿದರೆ ಕೇಬಲ್ ಎಳೆದವರು ಎಂಟರಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರು. ಅದರಲ್ಲಿ ಗಿಗಾಬಿಟ್ ಓಡುವುದಿಲ್ಲ, 100 ಮೆಗಾಬಿಟ್‌ಗೇ, ಅಂದರೆ ಸೆಕೆಂಡಿಗೆ ಹನ್ನೆರಡು ಎಂಬಿ ಒಳಗೇ ನಿಲ್ಲುತ್ತದೆ. ಕನೆಕ್ಟರ್ ಬದಲಿಸಿದ ಮೇಲೆ 105-110 ಎಂಬಿ. ಖರ್ಚು 200 ರೂಪಾಯಿಯೂ ಆಗಲಿಲ್ಲ.

ನಡುವೆ ಒಂದಿಷ್ಟು ಬೇರೆ ಪ್ರಯೋಗವೂ ಆಯಿತು. ಸಣ್ಣ ಪ್ರಿವ್ಯೂ ಫೈಲ್‌ಗಳು ಲಕ್ಷಗಟ್ಟಲೆ ಇದ್ದಾಗ ಟಾರ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕಳಿಸಿದರೆ ಮೊದಲ ಕಾಪಿ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಎರಡನೇ ಸಲದಿಂದ ಆರ್‌ಸಿಂಕೇ ಮೇಲು. ಫೈಲ್ ಇದ್ದ ಹಾಗೇ ಬಂತಾ ಅಂತ ತಾಳೆ ನೋಡುವ ಚೆಕ್‌ಸಮ್‌ಗೆ ವೇಗದ ಎಕ್ಸ್‌ಎಕ್ಸ್‌ಹ್ಯಾಶ್ ಹಾಕಿ ನೋಡಿದೆ, ಹಳೇ ಎಂಡಿ5ಗಿಂತ ಏನೂ ಲಾಭ ಕಾಣಲಿಲ್ಲ, ಡಿಸ್ಕ್ ಓದುವುದೇ ಸೆಕೆಂಡಿಗೆ 170 ಎಂಬಿ ಆಸುಪಾಸು. 32 ಜಿಬಿ ಕ್ಯಾಮೆರಾ ಕಾರ್ಡನ್ನು ನೇರ ಉಬುಂಟುಗೆ ಹಾಕಿದರೆ ಬೆಳಗ್ಗೆ 10ರ ಧಾರೆ ಮಧ್ಯಾಹ್ನ ಮೂರೂವರೆಗೆ ಹೋಗಿತ್ತು. ಕಾರ್ಡಿನ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಬರೆಯುವುದು ಲೋಕಲ್ ಟೈಮ್, ಉಬುಂಟು ಅದನ್ನು ಯುಟಿಸಿ (ಗ್ರೀನಿಚ್ ಟೈಮ್) ಅಂತ ತಿಳಿಯಿತು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಾರ್ಡನ್ನು ಮೌಂಟ್ ಮಾಡುವಾಗ (ಉಬುಂಟುಗೆ ಜೋಡಿಸುವಾಗ) ಟೈಮ್ ಆಫ್‌ಸೆಟ್ 330 ನಿಮಿಷ ಅಂತ ಕೊಟ್ಟರೆ ಸರಿಯಾಯಿತು. ಇಂಟರ್ನೆಟ್‌ನಲ್ಲಿ ಕಳಿಸುವ ಯೋಚನೆಯನ್ನೂ ಮಾಡಿದ್ದೆವು. ಅವರ ಅಪ್‌ಲೋಡ್ 50 ಎಂಬಿಪಿಎಸ್. 500 ಜಿಬಿಗೆ ಲೆಕ್ಕದಲ್ಲೇ 22 ಗಂಟೆ. ಅವರ ಹುಡುಗ ಡಿಸ್ಕ್ ಹಿಡಿದು ಚಿತ್ರದುರ್ಗದಲ್ಲಿ ಬಸ್ ಹತ್ತಿದರೆ 60 ಕಿಲೋಮೀಟರ್, ಬೆಣ್ಣೆದೋಸೆ ತಿಂದೇ ಆಫೀಸಿಗೆ ಬರುತ್ತಾನೆ.

ಒಟ್ಟು ಖರ್ಚು: ಅವರ ಡಿಸ್ಕ್ ಓದಲು ಸೆಕೆಂಡ್ ಹ್ಯಾಂಡ್ ಮ್ಯಾಕ್ ಮಿನಿ 22 ಸಾವಿರ, ಡೆಸ್ಕ್‌ಟಾಪ್ 9, ಎರಡು 8 ಟಿಬಿ ಡಿಸ್ಕ್ 35ರ ಹತ್ತಿರ, ಸ್ವಿಚ್, ಯುಪಿಎಸ್ ಸೇರಿ ಇನ್ನೊಂದು 5. ಹೆಚ್ಚುಕಡಿಮೆ 70 ಸಾವಿರ. ಈ ಸೀಸನ್‌ನಲ್ಲಿ ಒಂದು ಆಲ್ಬಮ್ಮೂ ಮರುಪ್ರಿಂಟ್‌ಗೆ ಹೋಗಿಲ್ಲ. ಅಂದು ನಂಬದವರಲ್ಲೇ ಇಬ್ಬರು, ಒಬ್ಬರು ಹರಿಹರದವರು, ಈಗ ತಮ್ಮ ಹಳೇ ಡಿಸ್ಕ್‌ಗಳನ್ನು ನನ್ನ ಹತ್ತಿರವೇ ತಂದಿದ್ದಾರೆ. ಟಿಬಿಗೆ 600 ರೂಪಾಯಿ ತಗೊಳ್ಳುತ್ತೇನೆ. ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಲ್ಲಿ ಕನ್ನಡ ಹೆಸರುಗಳಿದ್ದರೆ 800.