ಹಳೆಯ ಜೀಪ್ ಫೋಟೊ ಯಾವ ಕಾಲದ್ದು: ನಾನು ನೋಡುವ ಕ್ರಮ

ಎರಡನೇ ಮಹಾಯುದ್ಧದ ಬರ್ಮಾ ಕಾಳಗದ್ದು ಎಂದು ಮನೆಯ ಆಲ್ಬಮ್‌ನಿಂದ ಬರುವ ಜೀಪ್ ಚಿತ್ರಗಳಲ್ಲಿ ಎಷ್ಟೋ ಯುದ್ಧ ಮುಗಿದ ಮೇಲಿನವು. ಅದಕ್ಕೇ ಹಿಂಬದಿಯ ಬರಹ ನಂಬುವ ಮೊದಲು ಗಾಡಿಯ ಮೂತಿ ನೋಡುತ್ತೇನೆ.

ಅದಕ್ಕೂ ಮುಂಚೆ ಸ್ಕ್ಯಾನ್. ಎರಡೂಕಾಲು × ಮೂರೂಕಾಲು ಇಂಚಿನ ಕಾಂಟ್ಯಾಕ್ಟ್ ಪ್ರಿಂಟ್ (ನೆಗೆಟಿವ್‌ನಷ್ಟೇ ಅಳತೆಯದು) ಆದರೆ 1200 ಡಿಪಿಐ, ಟಿಫ್ ಫೈಲ್. ಚಿತ್ರ ಕಪ್ಪು-ಬಿಳುಪೇ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತೇನೆ. ಹಳದಿಗಟ್ಟಿ ಮಾಸಿದ ಭಾಗದ ವಿವರ ಹೆಚ್ಚಾಗಿ ನೀಲಿ ಚಾನೆಲ್‌ನಲ್ಲಿ ಉಳಿದಿರುತ್ತದೆ. ಗ್ರೇಸ್ಕೇಲ್ ಆರಿಸಿದರೆ ಅದು ಕೈತಪ್ಪುತ್ತದೆ. ಕಪ್ಪು ಭಾಗದ ಮೇಲೆ ಬೆಳ್ಳಿಯ ಹೊಳಪು ಎದ್ದಿದ್ದರೆ ಸ್ಕ್ಯಾನರ್ ಬೆಳಕು ಅಲ್ಲೇ ಪ್ರತಿಫಲಿಸಿ ವಿವರ ಮುಚ್ಚಿಹೋಗುತ್ತದೆ. ಅಂಥದ್ದನ್ನು ಕ್ಯಾಮೆರಾದಲ್ಲಿ ತೆಗೆಯಬೇಕು: ಎರಡು ಬದಿಯಿಂದ 45 ಡಿಗ್ರಿಯಲ್ಲಿ ದೀಪ, ದೀಪಗಳಿಗೂ ಲೆನ್ಸಿಗೂ ಪ್ರತಿಫಲನ ತಡೆಯುವ ಪೋಲರೈಸರ್ ಫಿಲ್ಟರ್, ಲೆನ್ಸಿನದನ್ನು ತಿರುಗಿಸುತ್ತ ಹೊಳಪು ಆರುವಲ್ಲಿ ನಿಲ್ಲಿಸುವುದು. ಆಲ್ಬಮ್‌ನ ಕಪ್ಪು ಹಾಳೆಗೆ ಅಂಟಿದ ಪ್ರಿಂಟನ್ನು ಕೀಳುವುದಿಲ್ಲ, ಹಾಳೆ ಸಮೇತ ತೆಗೆಯುತ್ತೇನೆ.

ಈಗ ಗ್ರಿಲ್, ಅಂದರೆ ರೇಡಿಯೇಟರಿನ ಮುಂದಿನ ಜಾಲರಿ. ಯುದ್ಧಕಾಲದ ಜೀಪಿನ ಎರಡು ಮಾದರಿಗಳಾದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಎರಡಕ್ಕೂ ಸಾಮಾನ್ಯವಾಗಿ ಒಂಬತ್ತು ಸೀಳು, ಚಿಕ್ಕ ಹೆಡ್‌ಲೈಟು ಗ್ರಿಲ್ಲಿನ ಒಳಗೆ ಹುದುಗಿರುತ್ತದೆ. 1941ರ ಕೊನೆಯಿಂದ ಬಂದ ಮೊದಲ ಸುಮಾರು 25 ಸಾವಿರ ಎಂಬಿಗಳಿಗೆ ಮಾತ್ರ ಪಟ್ಟಿ ಕಬ್ಬಿಣ ಬೆಸೆದ ಗ್ರಿಲ್. 1942ರಲ್ಲಿ ಫೋರ್ಡಿನ ಅಚ್ಚೊತ್ತಿದ ಗ್ರಿಲ್ ಬಂತು. ಏಳು ಸೀಳು, ದೊಡ್ಡ ಹೆಡ್‌ಲೈಟು ಕಂಡರೆ ಅದು ಯುದ್ಧಾನಂತರದ ಗಾಡಿ. ನಮ್ಮಲ್ಲಿ ಅಂಥದ್ದು ಹೆಚ್ಚಾಗಿ ಎತ್ತರದ ಬಾನೆಟ್ಟಿನ ಸಿಜೆ-3ಬಿ, ಮಹೀಂದ್ರದ್ದು. ಆ ಮಾದರಿ ಹುಟ್ಟಿದ್ದೇ 1953ರಲ್ಲಿ. ಎಂಬಿಯೋ ಜಿಪಿಡಬ್ಲ್ಯೂವೋ ಎಂಬುದಕ್ಕೆ ಬಂಪರಿನ ಹಿಂದೆ, ರೇಡಿಯೇಟರಿನ ಕೆಳಗೆ ಹಾದ ಅಡ್ಡ ತೊಲೆ ನೋಡಬೇಕು: ದುಂಡು ಕೊಳವೆ ಇದ್ದರೆ ವಿಲ್ಲಿಸ್, ಚೌಕಾಕಾರ ಇದ್ದರೆ ಫೋರ್ಡ್. ಸುಮಾರು ಚಿತ್ರಗಳಲ್ಲಿ ಅದು ನೆರಳಲ್ಲಿರುತ್ತದೆ. ಆಗ ‘ಎಂಬಿ ಅಥವಾ ಜಿಪಿಡಬ್ಲ್ಯೂ’ ಎಂದೇ ಬರೆಯುವುದು ಸರಿ.

ಒಂಬತ್ತು ಸೀಳು ಇದ್ದ ಮಾತ್ರಕ್ಕೆ ಯುದ್ಧಕಾಲದ ಫೋಟೊ ಎನ್ನಲಾಗದು. ಆ ಜೀಪುಗಳು ಆಮೇಲೂ ವರ್ಷಗಟ್ಟಲೆ ಓಡಿದವು, ಬಿಡಿಭಾಗ ಬದಲಾದವು. ಗಾಡಿಯಲ್ಲಿ ಕಾಣುವ ಅತಿ ಹೊಸ ಭಾಗ ಯಾವುದೋ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು.

ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದೂ ಉಂಟು. ನಮ್ಮ ಕಣ್ಣಿಗೆ ಬಲಗಡೆ ಸ್ಟಿಯರಿಂಗ್ ಸಹಜವಾದ್ದರಿಂದ ಇದು ಗಮನಕ್ಕೇ ಬರುವುದಿಲ್ಲ. ಆದರೆ ಆ ಕಾಲದ ಈ ಜೀಪುಗಳು, ಬ್ರಿಟಿಷ್ ಮತ್ತು ಭಾರತೀಯ ಸೇನೆಗೆ ಬಂದವೂ ಸೇರಿ, ಎಡ ಸ್ಟಿಯರಿಂಗಿನವೇ. ಸಲಿಕೆ, ಕೊಡಲಿ ಕಟ್ಟುವ ಜಾಗವೂ ಎಡಮಗ್ಗುಲಲ್ಲಿ; ಸ್ಟೆಪ್ನಿ ಹಿಂದೆ ಬಲಕ್ಕೆ, ಜೆರಿಕ್ಯಾನ್ (ಪೆಟ್ರೋಲ್ ಡಬ್ಬ) ಎಡಕ್ಕೆ. ಇವು ಅದಲುಬದಲಾಗಿದ್ದರೆ ಚಿತ್ರವನ್ನು ಎಡ-ಬಲ ಮಗುಚಿ.

ಗಾಡಿಯ ಮೇಲೆ ಬರೆದ ಡಿವಿಷನ್ (ಸೇನಾ ವಿಭಾಗ) ಗುರುತಿನಲ್ಲಿ ಮೋಸಹೋಗುವುದು ಫಿಲ್ಮಿನಿಂದ. ಆಗ ಎಲ್ಲೆಡೆ ಬಳಕೆಯಲ್ಲಿದ್ದ ಕೊಡಕ್ ವೆರಿಕ್ರೋಮ್‌ನಂಥ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದು, ಕಪ್ಪಾಗಿ ಮೂಡುತ್ತದೆ. 5ನೇ ಭಾರತೀಯ ಡಿವಿಷನ್ನಿನ ಗುರುತು ಕಪ್ಪು ಚೌಕದ ಮೇಲೆ ಕೆಂಪು ವೃತ್ತ. ಅಂಥ ಫಿಲ್ಮಿನಲ್ಲಿ ಅದು ಬರೀ ಕಪ್ಪು ಚೌಕವಾಗಿ ಉಳಿಯುತ್ತದೆ. 4ನೇ ಡಿವಿಷನ್ನಿನ ಕೆಂಪು ಹದ್ದಿನದೂ ಇದೇ ಪಾಡು. ಖಾಲಿ ಚೌಕ ಕಂಡಾಗ ಗುರುತೇ ಇಲ್ಲ ಎಂದು ಬಿಡಬೇಡಿ. ಫೋಟೊ ತಿದ್ದುವ ತಂತ್ರಾಂಶದ ಕರ್ವ್ಸ್‌ನಲ್ಲಿ ನೆರಳಿನ ಭಾಗವನ್ನಷ್ಟೇ ಬೆಳಗಿಸಿ ನೋಡಿ, ಕೆಲವೊಮ್ಮೆ ಅಂಚು ಸಿಗುತ್ತದೆ. ಅಮೆರಿಕನ್ ಗಾಡಿಯಾದರೆ ಬಾನೆಟ್ ಪಕ್ಕದ ನೋಂದಣಿ ಸಂಖ್ಯೆ 20ರಿಂದ ಶುರುವಾಗುತ್ತದೆ. ಮೊದಮೊದಲು ಅದನ್ನು ಮಂಕು ನೀಲಿಯಲ್ಲಿ ಬರೆಯುತ್ತಿದ್ದರಿಂದ ಹಸಿರು ಬಣ್ಣದೊಳಗೆ ಕರಗಿಹೋಗಿರುತ್ತದೆ.

ಹಿಂಬದಿ ನೋಡುವುದು ಕೊನೆಗೆ. ಬರಹ ಬಾಲ್ ಪೆನ್ನಿನದಾದರೆ ಅದು ಆಮೇಲೆ ನೆನಪಿನಿಂದ ಬರೆದದ್ದೆಂದೇ ತಿಳಿಯುತ್ತೇನೆ. ಯುದ್ಧ ಮುಗಿಯುವವರೆಗೆ ಸಾಮಾನ್ಯ ಸಿಪಾಯಿಯ ಕೈಗೆ ಅಂಥ ಪೆನ್ನು ಬಂದಿರಲಿಲ್ಲ. ಹಾಗೆಂದು ಅದನ್ನು ತಳ್ಳಿಹಾಕುವುದೂ ಇಲ್ಲ. ಮನೆಯವರ ಹೇಳಿಕೆ ಒಂದು ಸಾಲಿನಲ್ಲಿ, ಗಾಡಿ ಹೇಳುವ ಕಾಲ ಇನ್ನೊಂದು ಸಾಲಿನಲ್ಲಿ, ಎರಡನ್ನೂ ಪೆನ್ಸಿಲ್‌ನಲ್ಲಿ ಲಕೋಟೆಯ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡುತ್ತೇನೆ.