ಗಿಟಾರ್ ಮನೆಯದು, ಡ್ರಮ್ಸ್ ಕಂಪ್ಯೂಟರಿನದು

ಬೆಂಗಳೂರಿನ ಸಣ್ಣ ಫ್ಲಾಟಿನಲ್ಲಿ ಗಿಟಾರ್, ಬೇಸ್, ಹಾಡು ಎಲ್ಲವನ್ನೂ ರೆಕಾರ್ಡ್ ಮಾಡಬಹುದು, ಡ್ರಮ್ಸ್ ಒಂದು ಬಿಟ್ಟು. ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್ ಆದ ಕಿಕ್‌ನ ಸದ್ದು ನೆಲದ ಮೂಲಕವೇ ಕೆಳಗಿನ ಮನೆಗೆ ಇಳಿಯುತ್ತದೆ. ಹಾಗಾಗಿ ನನ್ನ ಕನ್ನಡ ರಾಕ್ ಹಾಡುಗಳ ಡ್ರಮ್ಸ್ ಪೂರ್ತಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಮಿಡಿ ನೋಟ್‌ಗಳಾಗಿಯೇ (ಯಾವ ಪೆಟ್ಟು, ಯಾವಾಗ, ಎಷ್ಟು ಜೋರು ಎಂಬ ಸೂಚನೆಗಳಾಗಿ) ಹುಟ್ಟಿವೆ. ದುಬಾರಿ ಲೈಬ್ರರಿ, ಅಂದರೆ ನಿಜವಾದ ಡ್ರಮ್ಸ್‌ನ ರೆಕಾರ್ಡ್ ಮಾಡಿದ ಸದ್ದುಗಳ ಸಂಗ್ರಹ, ಕೊಂಡರೆ ಡ್ರಮ್ಸ್ ತಾನಾಗಿಯೇ ಜೀವಂತವಾಗುತ್ತದೆ ಎಂದು ನಂಬುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡ್ರಮ್‌ಗಿಜ್ಮೋದಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ಒಳ್ಳೆಯ ಕಿಟ್‌ಗಳಿವೆ. ಒಬ್ಬ ಮನುಷ್ಯ ಕೂತು ಬಾರಿಸುತ್ತಿದ್ದಾನೆಂದು ಕಿವಿ ನಂಬಬೇಕಾದರೆ, ನೋಟ್ ಬರೆಯುವಾಗ ಅವನ ಎರಡು ಕೈ, ಎರಡು ಕಾಲು ನಮ್ಮ ಕಣ್ಣ ಮುಂದೆ ಇರಬೇಕು.

ನಾನು ಮೊದಲು ಕೈ ಹಾಕುವುದು ಹೈ-ಹ್ಯಾಟ್‌ಗೆ, ಅಂದರೆ ಎಡಗಾಲಿನ ಪೆಡಲಿನಿಂದ ತೆರೆದು ಮುಚ್ಚುವ ಜೋಡಿ ಲೋಹದ ತಟ್ಟೆಗಳಿಗೆ. ಹಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬೀಳುವ ಪೆಟ್ಟು ಅದು, ಯಂತ್ರದ ಗುಟ್ಟು ರಟ್ಟಾಗುವುದೂ ಅಲ್ಲೇ. ಡ್ರಮ್ಮರ್ ಒಂದು ಬಾರ್‌ಗೆ (ನಾಲ್ಕು ಬೀಟ್‌ಗಳ ಒಂದು ಸುತ್ತಿಗೆ) ಎಂಟು ಪೆಟ್ಟು ನುಡಿಸುವಾಗ ಅವನ ಕೈ ಏರಿ ಇಳಿಯುತ್ತಿರುತ್ತದೆ. ಬೀಟ್ ಮೇಲೆ ಸ್ಟಿಕ್ಕಿನ ದಪ್ಪ ಭಾಗ ಹ್ಯಾಟ್‌ನ ಅಂಚಿಗೆ ಬೀಳುತ್ತದೆ, ಎರಡು ಬೀಟ್‌ಗಳ ನಡುವೆ ಸ್ಟಿಕ್ಕಿನ ತುದಿ ಹ್ಯಾಟ್‌ನ ಮೇಲ್ಭಾಗವನ್ನು ತಾಕುತ್ತದೆ. ಮಿಡಿಯಲ್ಲಿ ವೆಲಾಸಿಟಿ, ಅಂದರೆ ಪೆಟ್ಟಿನ ಜೋರು, 1ರಿಂದ 127ರವರೆಗೆ ಇರುತ್ತದೆ. ಬೀಟ್ ಮೇಲಿನ ಪೆಟ್ಟುಗಳನ್ನು 90–100ರ ಆಸುಪಾಸಿನಲ್ಲೂ ನಡುವಿನವನ್ನು 60–75ರ ಆಸುಪಾಸಿನಲ್ಲೂ ಇಡುತ್ತೇನೆ. ಲೈಬ್ರರಿಯಲ್ಲಿ ಅಂಚಿನ ಪೆಟ್ಟಿಗೂ ತುದಿಯ ಪೆಟ್ಟಿಗೂ ಬೇರೆ ಬೇರೆ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದು) ಇದ್ದರೆ ನೋಟನ್ನೇ ಬದಲಿಸುತ್ತೇನೆ. ಬರೀ ವೆಲಾಸಿಟಿ ಇಳಿಸುವುದಕ್ಕಿಂತ ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ಕೋರಸ್ (ಪಲ್ಲವಿ) ಹತ್ತಿರ ಬಂದಂತೆ ಹ್ಯಾಟ್ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಳ್ಳಬೇಕು. ಬಹಳಷ್ಟು ಡ್ರಮ್ ಸಾಫ್ಟ್‌ವೇರ್‌ಗಳಲ್ಲಿ ಸಿಸಿ 4 ಎಂಬ ಕಂಟ್ರೋಲರ್ ಪೆಡಲ್ ಎಷ್ಟು ಒತ್ತಿದೆ ಎಂಬುದನ್ನು ಹೇಳುತ್ತದೆ. ವರ್ಸ್‌ನ (ಚರಣದ) ಕೊನೆಯ ಎರಡು ಬಾರ್‌ಗಳಲ್ಲಿ ಆ ಗೆರೆಯನ್ನು ಓರೆಯಾಗಿ ಎಳೆಯುವುದು ನನಗೆ ಈ ಇಡೀ ಕೆಲಸದಲ್ಲೇ ತುಂಬಾ ಖುಷಿ ಕೊಡುವ ಗಳಿಗೆ. ಕೋರಸ್ ಬರುತ್ತಿದೆಯೆಂದು ಗಿಟಾರಿಗಿಂತ ಮೊದಲು ಹ್ಯಾಟ್ ಹೇಳಿಬಿಡುತ್ತದೆ.

ಈ ಹ್ಯಾಟನ್ನು ನಾನು ಮೌಸ್‌ನಿಂದ ಬರೆಯುವುದಿಲ್ಲ. ಮಿಡಿ ಕೀಬೋರ್ಡಿನ ಎರಡು ಕೀ ಮೇಲೆ ಬೆರಳಿಟ್ಟು, ಗಿಟಾರಿನ ಗೈಡ್ ಟ್ರ್ಯಾಕ್ ಕೇಳುತ್ತಾ, ಹಾಡಿನ ಆರಂಭದಿಂದ ಕೊನೆಯವರೆಗೆ ನುಡಿಸುತ್ತೇನೆ. ಒಂದು ಬಾರ್ ಚೆನ್ನಾಗಿ ಬಂತೆಂದು ಅದನ್ನೇ ಕಾಪಿ ಮಾಡಿ ಅಂಟಿಸುವುದಿಲ್ಲ. ಆಮೇಲೆ ಕ್ವಾಂಟೈಸ್ ಮಾಡುತ್ತೇನೆ, ಅಂದರೆ ನೋಟ್‌ಗಳನ್ನು ಗ್ರಿಡ್‌ನ ಸರಿಯಾದ ಕಾಲದ ಗೆರೆಗಳತ್ತ ಎಳೆಯುತ್ತೇನೆ, ಆದರೆ 60–70 ಪರ್ಸೆಂಟ್ ಮಾತ್ರ. ಇಷ್ಟು ಕಷ್ಟ ಯಾಕೆ, ಹ್ಯೂಮನೈಸ್ ಬಟನ್ ಇದೆಯಲ್ಲ ಎಂದು ಗೆಳೆಯರು ಕೇಳುತ್ತಾರೆ. ಆ ಬಟನ್ ಸಾಮಾನ್ಯವಾಗಿ ಮಾಡುವುದು ಇಷ್ಟೇ: ಪ್ರತಿ ನೋಟನ್ನೂ ಪಕ್ಕದ ನೋಟಿನ ಪರಿವೆಯಿಲ್ಲದೆ ಆಚೀಚೆ ಎಸೆಯುವುದು. ಮನುಷ್ಯನ ಕೈ ಹಾಗೆ ತಪ್ಪುವುದಿಲ್ಲ. ಹೋಲ್ಗರ್ ಹೆನ್ನಿಗ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ನುಡಿಸುವವರ ಕಾಲದ ವ್ಯತ್ಯಾಸಗಳು ಒಂದಕ್ಕೊಂದು ನಂಟಿರುವಂಥವು, ಈಗಿನ ಜಗ್ಗುವಿಕೆ ಎಷ್ಟೋ ಪೆಟ್ಟುಗಳ ನಂತರವೂ ತನ್ನ ಗುರುತು ಉಳಿಸಿರುತ್ತದೆ. ಕೇಳುಗರಿಗೂ ಬೇಕಾಬಿಟ್ಟಿ ಚದುರಿಸಿದ ಲಯಕ್ಕಿಂತ ಅಂಥ ನಂಟಿರುವ ಲಯವೇ ಹಿಡಿಸಿತು. ಪೂರ್ತಿ ಹಾಡನ್ನು ಕೈಯಿಂದ ನುಡಿಸಿದರೆ ಆ ನಂಟು ತಾನಾಗಿಯೇ ಬರುತ್ತದೆ, ಅದನ್ನು ಲೆಕ್ಕ ಹಾಕಿ ಬರೆಯುವ ಗೋಜಿಲ್ಲ.

ಫಿಲ್‌ಗಳ, ಅಂದರೆ ಹಾಡಿನ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಸಣ್ಣ ಡ್ರಮ್ ತುಣುಕುಗಳ, ವಿಷಯದಲ್ಲಿ ನನಗೆ ಒಂದು ಕಟ್ಟುನಿಟ್ಟು ಇದೆ: ಬಾಯಲ್ಲಿ ಹೇಳಲಾಗದ ಫಿಲ್ ಬರೆಯುವುದಿಲ್ಲ. ಮೃದಂಗದವರು ಕೊನ್ನಕ್ಕೋಲ್ ಹೇಳುವ ಹಾಗೆ ‘ತಕದಿಮಿ ತಕಜುಣು’ ಎಂದು ತಾಳ ಹಾಕಿಕೊಂಡು ಹೇಳಿ ನೋಡುತ್ತೇನೆ. ಎಲ್ಲಿ ಒತ್ತು ಬೀಳುತ್ತದೆ, ಎಲ್ಲಿ ಉಸಿರು ಬೇಕು ಎಂಬುದು ಬಾಯಿಗೆ ಮೊದಲು ಗೊತ್ತಾಗುತ್ತದೆ. ಆಮೇಲೆ ಕೈಗಳನ್ನು ಹಂಚುತ್ತೇನೆ, ಬಲ ಎಡ ಬಲ ಎಡ ಎಂದು. ಎಡಗೈ ಪೆಟ್ಟುಗಳು ಎಂಟು ಹತ್ತು ವೆಲಾಸಿಟಿಯಷ್ಟು ಕೆಳಗಿರುತ್ತವೆ. ಎರಡೂ ಕೈ ಟಾಮ್ ಎಂಬ ಡ್ರಮ್‌ಗಳ ಮೇಲಿದ್ದಾಗ ಹ್ಯಾಟ್‌ಗೆ ಹೊಡೆಯಲು ಮೂರನೇ ಕೈ ಇಲ್ಲ, ಆದ್ದರಿಂದ ಅಲ್ಲಿದ್ದ ಹ್ಯಾಟ್ ನೋಟ್‌ಗಳನ್ನು ಅಳಿಸುತ್ತೇನೆ. ಬೇಕಿದ್ದರೆ ಎಡಗಾಲಿನ ಪೆಡಲ್ ಹ್ಯಾಟ್ ಉಳಿಯಬಹುದು, ಜನರಲ್ ಮಿಡಿ ಎಂಬ ಸಾಮಾನ್ಯ ನೋಟ್ ಪಟ್ಟಿಯಲ್ಲಿ ಅದು 44ನೇ ನೋಟ್. ಫಿಲ್ ಮುಗಿದು ಕ್ರ್ಯಾಶ್ (ಜೋರಾಗಿ ಮೊಳಗುವ ದೊಡ್ಡ ಲೋಹದ ತಟ್ಟೆ) ಬಿದ್ದಾಗ ಅದರ ಜೊತೆ ಕಿಕ್ ಇರಲೇಬೇಕು. ಕಿಕ್ ಇಲ್ಲದ ಕ್ರ್ಯಾಶ್ ತೆಳ್ಳಗೆ ಗಾಳಿಯಲ್ಲಿ ತೇಲುತ್ತದೆ. ಆ ಬೀಟ್‌ನಲ್ಲಿ ಹ್ಯಾಟ್ ಇರುವುದಿಲ್ಲ, ಅದನ್ನು ಹೊಡೆಯಬೇಕಾದ ಕೈ ಕ್ರ್ಯಾಶ್ ಮೇಲಿದೆ.

ಸ್ನೇರ್‌ನಲ್ಲಿ, ಅಂದರೆ ಚುರುಕಾದ ಸದ್ದಿನ ಮುಖ್ಯ ಡ್ರಮ್‌ನಲ್ಲಿ, 127ರ ಪೆಟ್ಟನ್ನು ಆದಷ್ಟು ದೂರ ಇಡುತ್ತೇನೆ. ಎರಡನೇ ಮತ್ತು ನಾಲ್ಕನೇ ಬೀಟ್‌ನ ಪೆಟ್ಟುಗಳು 105–115ರಲ್ಲಿದ್ದರೆ ಕೊನೆಯ ಕೋರಸ್‌ಗೆ ಮೇಲೇರಲು ಜಾಗ ಉಳಿಯುತ್ತದೆ. ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಕೇಳಿದರೆ ಮಷೀನ್ ಗನ್ ಸದ್ದು ಬರುತ್ತದೆ, ಅದಕ್ಕೇ ರೌಂಡ್ ರಾಬಿನ್ (ಒಂದೇ ಪೆಟ್ಟಿಗೆ ಸರದಿಯಂತೆ ಬೇರೆ ಬೇರೆ ಸ್ಯಾಂಪಲ್) ಇರುವ ಲೈಬ್ರರಿಯೇ ಆಗಬೇಕು. ಘೋಸ್ಟ್ ನೋಟ್‌ಗಳನ್ನು (ಕೇಳಿಯೂ ಕೇಳದಂಥ ಮೆಲು ಪೆಟ್ಟುಗಳನ್ನು) 20–35ರಲ್ಲಿ ವರ್ಸ್‌ಗಳಿಗೆ ಮಾತ್ರ ಹಾಕುತ್ತೇನೆ. ಕೋರಸ್‌ನಲ್ಲಿ ಡಿಸ್ಟಾರ್ಷನ್ ಗಿಟಾರ್‌ಗಳ ನಡುವೆ ಅವು ಯಾರಿಗೂ ಕೇಳಿಸುವುದಿಲ್ಲ.

ಕಾಲದ ಮಾತು ಇನ್ನೂ ಸೂಕ್ಷ್ಮ. ನನ್ನ ಒಂದು ಹಾಡು 96 ಬಿಪಿಎಂನದು, ನಿಮಿಷಕ್ಕೆ 96 ಬೀಟ್. ಅಂದರೆ ಒಂದು ಬೀಟ್‌ಗೆ 625 ಮಿಲಿಸೆಕೆಂಡ್. ಬೀಟ್‌ಗೆ 960 ಟಿಕ್ (ಮಿಡಿಯಲ್ಲಿ ಕಾಲ ಅಳೆಯುವ ಅತಿ ಸಣ್ಣ ತುಣುಕು) ಇಟ್ಟುಕೊಂಡರೆ 15 ಟಿಕ್ ಸುಮಾರು 10 ಮಿಲಿಸೆಕೆಂಡ್ ಆಗುತ್ತದೆ. ವರ್ಸ್‌ನಲ್ಲಿ ಸ್ನೇರನ್ನು ಅಷ್ಟು ಹಿಂದಕ್ಕೆ ಎಳೆದೆ, ಹಾಡು ಒರಗಿ ಕೂತ ಹಾಗಾಯಿತು. ಕೋರಸ್‌ನಲ್ಲಿ ಅದನ್ನು ಗ್ರಿಡ್ ಮೇಲೆ ತಂದು, ಟೆಂಪೋವನ್ನು 97.5ಕ್ಕೆ ಏರಿಸಿದೆ. ಟೆಂಪೋದ ಈ ಏರಿಳಿತವನ್ನು ಗಿಟಾರ್ ರೆಕಾರ್ಡ್ ಮಾಡುವ ಮೊದಲೇ ನಿಶ್ಚಯಿಸಬೇಕು, ಆಮೇಲೆ ಬದಲಿಸಿದರೆ ಆಡಿಯೋ ಹಿಗ್ಗಿಸಿ ಕುಗ್ಗಿಸಿ ಕೆಡುತ್ತದೆ.

ಇನ್ನು ಸದ್ದು. ಎಷ್ಟೇ ಚೆನ್ನಾಗಿ ನುಡಿಸಿದ್ದರೂ ಕಿಕ್ ಒಂದು ಕೋಣೆಯಲ್ಲಿ, ಸ್ನೇರ್ ಇನ್ನೊಂದು ಕೋಣೆಯಲ್ಲಿ ಇದ್ದಂತೆ ಕೇಳಿದರೆ ಶ್ರಮವೆಲ್ಲ ವ್ಯರ್ಥ. 1970–71ರ ಚಳಿಗಾಲದಲ್ಲಿ ಲೆಡ್ ಝೆಪೆಲಿನ್ ಎಂಬ ರಾಕ್ ತಂಡದವರು ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ತಮ್ಮ ಡ್ರಮ್ಮರ್ ಜಾನ್ ಬಾನಮ್‌ರ ಡ್ರಮ್ಸನ್ನು ಮೆಟ್ಟಿಲುಗಳ ಕೆಳಗಿನ ಹಜಾರದಲ್ಲಿಟ್ಟು, ಮೇಲಿನಿಂದ ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ ಸದ್ದನ್ನು ಕೇಳಿದವರಿಗೆ ಕೋಣೆ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಲೈಬ್ರರಿಯಲ್ಲಿ ಒಂದೊಂದು ಮೈಕ್ ಹಿಡಿದ ಸದ್ದೂ ಬೇರೆ ಬೇರೆಯಾಗಿ ಸಿಗುತ್ತದೆ. ನಾನು ಮಿಕ್ಸ್ ಶುರು ಮಾಡುವುದು ಕಿಟ್‌ನ ಮೇಲೆ ತೂಗುವ ಓವರ್‌ಹೆಡ್ ಮೈಕ್‌ಗಳಿಂದ. ಅವಷ್ಟರಲ್ಲೇ ಕಿಟ್ ಪೂರ್ತಿ ಕೇಳಬೇಕು, ಹತ್ತಿರದ ಮೈಕ್‌ಗಳು ಬರೀ ಆಸರೆಗೆ. ಸ್ನೇರ್ ಹೊಡೆದಾಗ ಟಾಮ್ ಮೈಕ್‌ಗಳಲ್ಲಿ ಸೋರುವ ಸದ್ದನ್ನೂ ಆಫ್ ಮಾಡುವುದಿಲ್ಲ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು, ಓವರ್‌ಹೆಡ್‌ಗೆ ಸ್ನೇರ್ ತಡವಾಗಿ ತಲುಪುವುದು ಅದಕ್ಕೇ. ಆ ತಡವನ್ನು ಜರುಗಿಸಿ ಸರಿಮಾಡುವವರಿದ್ದಾರೆ. ನಾನು ಹಾಗೇ ಬಿಡುತ್ತೇನೆ, ಕಿಟ್‌ಗೆ ಆಳ ಬರುವುದು ಅದರಿಂದ. ಕಿಟ್‌ನಿಂದ ದೂರ ಇಟ್ಟ ರೂಮ್ ಮೈಕನ್ನು ಮಾತ್ರ ಕಂಪ್ರೆಸರ್‌ನಿಂದ (ಜೋರು ಮೆಲುವಿನ ಅಂತರ ತಗ್ಗಿಸುವ ಸಾಧನದಿಂದ) ಚೆನ್ನಾಗಿ ಹಿಂಡಿ, ಕೋರಸ್‌ಗಳಲ್ಲಿ ಒಂದೆರಡು ಡಿಬಿ ಏರಿಸುತ್ತೇನೆ.

ಬೇಸ್ ರೆಕಾರ್ಡ್ ಮಾಡುವುದು ಇದೆಲ್ಲ ಆದ ಮೇಲೆ. ಡ್ರಮ್ಸ್ ಕೇಳುತ್ತಾ ನಿಜವಾದ ಬೆರಳಿನಿಂದ ನುಡಿಸಿದ ಬೇಸ್ ಕೆಲವೆಡೆ ಕಿಕ್‌ಗಿಂತ ಕೂದಲೆಳೆ ಮುಂದೆ, ಕೆಲವೆಡೆ ಹಿಂದೆ ಬೀಳುತ್ತದೆ. ಆಗ ನಾನು ಬೇಸ್ ಎಡಿಟ್ ಮಾಡುವುದಿಲ್ಲ, ಕಿಕ್ ನೋಟ್‌ಗಳನ್ನೇ ಬೇಸ್ ಇರುವ ಕಡೆಗೆ ಜರುಗಿಸುತ್ತೇನೆ. ಎಲ್ಲವನ್ನೂ ಅಲ್ಲ, ಕೇಳಿದಾಗ ಕಾಲಿಗೆ ಎಡವಿದಂತಾಗುವ ಕಡೆಗಳಲ್ಲಿ ಮಾತ್ರ. ಅದಾದ ಮೇಲೆ ಮಿಡಿಯನ್ನು ಆಡಿಯೋ ಟ್ರ್ಯಾಕ್‌ಗಳಾಗಿ ರೆಂಡರ್ ಮಾಡಿ, ನೋಟ್‌ಗಳಿಗೆ ಮತ್ತೆ ಕೈ ಹಾಕದೆ, ಗಾಯನಕ್ಕೆ ಹೋಗುತ್ತೇನೆ.